ಬಲಕ್ಕೆ ತಿರುಗುವ ಬಸ್ಸು, ಎಡಕ್ಕೆ ಕಟ್ಟಿದ ತಂಗುದಾಣ

ತುಮಕೂರಿನಲ್ಲಿ ರಸ್ತೆ ಮಾಡುವುದು ಪಾಲಿಕೆ, ಬಸ್ ಓಡಿಸುವುದು ಕೆಎಸ್‌ಆರ್‌ಟಿಸಿ, ಒಬ್ಬರ ಯೋಜನೆ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಹಾಗಾಗಿ ನಿಮ್ಮ ಬಡಾವಣೆಯ ಸಂಘದಿಂದ ಬೆಂಗಳೂರಿನಂಥ ಸಾರಿಗೆ ಪ್ರಾಧಿಕಾರ ಕೇಳಬೇಕೋ, ಇಬ್ಬರ ನಡುವೆ ಲಿಖಿತ ಒಡಂಬಡಿಕೆ ಕೇಳಬೇಕೋ ಎಂಬುದು ನಿಮ್ಮ ಪ್ರಶ್ನೆ. ಎರಡೂ ಬೇಡ ಎಂಬುದು ನನ್ನ ಉತ್ತರ. ಕಾರಣಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಾನೇ ನಕ್ಷೆ ಎಳೆದ ಒಂದು ಸ್ಟೀಲಿನ ತಂಗುದಾಣ ಕಣ್ಣ ಮುಂದೆ ಬಂತು, ಮೊದಲು ಅದರ ವಿಷಯ ಹೇಳಿಬಿಡುತ್ತೇನೆ.

ಆಗ ನಾನು ಖಾಸಗಿ ಕನ್ಸಲ್ಟೆನ್ಸಿಯೊಂದರಲ್ಲಿ ಸಿವಿಲ್ ಎಂಜಿನಿಯರ್. ಅಳತೆ, ವಾಹನ ಎಣಿಕೆ, ನಕ್ಷೆ, ಅಂದಾಜುಪಟ್ಟಿ, ಟೆಂಡರ್ ದಾಖಲೆ ಎಲ್ಲವೂ ನಮ್ಮಲ್ಲೇ ತಯಾರಾಗುತ್ತಿದ್ದವು. ನಗರದ ಒಂದು ವೃತ್ತವನ್ನು ಹೊಸದಾಗಿ ವಿನ್ಯಾಸ ಮಾಡುವ ಕೆಲಸ ನನ್ನ ಮೇಜಿಗೆ ಬಂತು. ಯಾವ ವೃತ್ತ, ಯಾರ ದುಡ್ಡು ಎಂಬುದನ್ನು ಬಿಡೋಣ. ಆ ಕಚೇರಿಗಳ ಮೇಲೆ ನನಗೆ ದೂರಿಲ್ಲ, ಎಡವಿದ್ದು ನಮ್ಮ ಕಂಪನಿ, ಅದರಲ್ಲೂ ನಾನು. ಅನುಕೂಲಕ್ಕೆ ಒಬ್ಬರನ್ನು ರಸ್ತೆಯವರು, ಇನ್ನೊಬ್ಬರನ್ನು ಬಸ್ಸಿನವರು ಎನ್ನುತ್ತೇನೆ.

ವೃತ್ತಕ್ಕೆ ಬಂದು ಸೇರುವ ರಸ್ತೆಗಳ ಪೈಕಿ ಒಂದರಲ್ಲಿ, ವೃತ್ತಕ್ಕೆ ಮೂವತ್ತು ನಲವತ್ತು ಮೀಟರ್ ಮುಂಚೆ, ಎಡಬದಿಗೆ ಒಳ್ಳೆಯ ಜಾಗವಿತ್ತು. ಪಕ್ಕದಲ್ಲಿ ಸರ್ಕಾರಿ ಕಾಂಪೌಂಡು. ಅಂಗಡಿ ಇಲ್ಲ, ಯಾರ ಬಾಗಿಲಿಗೆ ಅಡ್ಡವಾಯಿತು ಎಂಬ ತಕರಾರೂ ಇಲ್ಲ. ನಕ್ಷೆ ಎಳೆಯುವವನಿಗೆ ಇಂಥ ಜಾಗ ಸಿಗುವುದೇ ಅಪರೂಪ. ಪಾದಚಾರಿ ಮಾರ್ಗವನ್ನು ಒಳಕ್ಕೆ ಸರಿಸಿ, ಬಸ್ಸು ಬದಿಗೆ ಹೊಕ್ಕು ನಿಲ್ಲುವ ಜಾಗ, ಅಂದರೆ ಬಸ್ ಬೇ, ಬಿಡಿಸಿದೆ. ತಂಗುದಾಣ ಇಟ್ಟೆ, ಅದಕ್ಕೆ ಕುರ್ಚಿ, ಜಾಹೀರಾತು ಫಲಕ, ಮೊಬೈಲ್ ಚಾರ್ಜ್ ಮಾಡಲು ಸಾಕೆಟ್. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರದಲ್ಲಿ ಛತ್ರಿ ಹಿಡಿದ ಹೆಂಗಸನ್ನೂ ಶಾಲೆಯ ಚೀಲ ಹೊತ್ತ ಮಗುವನ್ನೂ ನಿಲ್ಲಿಸಿದೆ. ಸಭೆಯಲ್ಲಿ ಎಲ್ಲರೂ ಮೆಚ್ಚಿದರು. ಒಬ್ಬರಂತೂ ಮರದಲ್ಲಿ ಹೂವು ತೋರಿಸಿ ಎಂದರು. ತೋರಿಸಿದೆ.

ಅಲ್ಲಿಗೆ ಬರುವ ಬಸ್ಸುಗಳಲ್ಲಿ ಹೆಚ್ಚಿನವು ವೃತ್ತದಲ್ಲಿ ಬಲಕ್ಕೆ ತಿರುಗುತ್ತಿದ್ದವು. ಇದು ನನಗೆ ಗೊತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಬಸ್ಸಿನ ಬಾಗಿಲು ಎಡಕ್ಕೆ, ಆದ್ದರಿಂದ ಜನರನ್ನು ಹತ್ತಿಸಲು ಎಡ ಅಂಚಿಗೆ ಬರಲೇಬೇಕು. ಬಲಕ್ಕೆ ತಿರುಗಬೇಕಾದರೆ ವೃತ್ತ ತಲುಪುವ ಹೊತ್ತಿಗೆ ಬಲಗಡೆಯ ಸಾಲಿನಲ್ಲಿ, ರಸ್ತೆ ವಿಭಜಕದ ಪಕ್ಕದಲ್ಲಿ ಇರಬೇಕು. ದೊಡ್ಡ ಬಸ್ಸಿನ ಉದ್ದ 12 ಮೀಟರ್. ಅದು ಬೇಯಿಂದ ಮೂತಿ ಹೊರಗೆ ಹಾಕಿ, ಬರುತ್ತಿರುವ ವಾಹನಗಳನ್ನು ಅಡ್ಡಹಾಯ್ದು, ಬಲ ಸಾಲು ಸೇರಿ ಮತ್ತೆ ನೆಟ್ಟಗಾಗಲು ನಲವತ್ತು ಮೀಟರ್ ಎಲ್ಲಿ ಸಾಲುತ್ತದೆ? ಸಿಗ್ನಲ್ ಕೆಂಪಾದಾಗಲಂತೂ ಅಷ್ಟು ಜಾಗದ ತುಂಬ ಸ್ಕೂಟರು, ಆಟೊ. ಬಸ್ಸು ಓರೆಯಾಗಿ ಸಿಕ್ಕಿಕೊಂಡರೆ ಹಿಂದಿನ ರಸ್ತೆ ಪೂರ್ತಿ ಬಂದ್. ಬಲಕ್ಕೆ ತಿರುಗುವ ಮಾರ್ಗಕ್ಕೆ ನಿಲುಗಡೆಯನ್ನು ತಿರುವಿನ ಆಚೆ, ಮುಂದಿನ ರಸ್ತೆಗೆ ಹೊಕ್ಕ ಮೇಲೆ ಕೊಡಬೇಕು. ಬಸ್ಸು ಬಲಕ್ಕೆ ತಿರುಗುತ್ತದೆ ಎಂದು ತಿಳಿದಿದ್ದರೆ ಡಿಪ್ಲೊಮಾ ಓದುವ ಹುಡುಗನೂ ಅಲ್ಲಿಯೇ ಇಡುತ್ತಿದ್ದ.

ನನಗೇಕೆ ತಿಳಿಯಲಿಲ್ಲ? ವಾಹನ ಎಣಿಕೆಯನ್ನೇನೋ ಮಾಡಿಸಿದ್ದೆ. ಹುಡುಗರು ವೃತ್ತದ ಮೂಲೆಮೂಲೆಗಳಲ್ಲಿ ಹಾಳೆ ಹಿಡಿದು ಕೂತು, ಯಾವ ಗಾಡಿ ಯಾವ ಕಡೆ ತಿರುಗಿತು ಎಂದು ಗೆರೆ ಹಾಕಿದ್ದರು. ಆದರೆ ಹಾಳೆಯಲ್ಲಿ ಬಸ್ಸಿಗೆ ಬೇರೆ ಕಾಲಂ ಇರಲಿಲ್ಲ. ಬಸ್ ಮತ್ತು ಲಾರಿ ಸೇರಿ ಒಂದೇ ಕಾಲಂ. ಜಲ್ಲಿ ಹೊತ್ತ ಟಿಪ್ಪರಿಗೂ ಒಂದು ಗೆರೆ, ಐವತ್ತು ಜನರನ್ನು ಹೊತ್ತ ಬಸ್ಸಿಗೂ ಒಂದು ಗೆರೆ. ಹುಡುಗರ ಸೋಮಾರಿತನವಲ್ಲ ಇದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗಾಗಿ ಹೊರತಂದ ಮಾರ್ಗಸೂಚಿಯೇ (ಐಆರ್‌ಸಿ 106) ಬಸ್ಸನ್ನೂ ಲಾರಿಯನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಒಟ್ಟು ವಾಹನಗಳಲ್ಲಿ ಅವುಗಳ ಪಾಲು ನೋಡಿಕೊಂಡು ಒಂದೊಂದನ್ನು 2.2ರಿಂದ 3.7 ಕಾರಿಗೆ ಸಮ ಎಂದು ಲೆಕ್ಕ ಹಾಕುತ್ತದೆ. ಎಂಜಿನಿಯರನ ಹಾಳೆಯಲ್ಲಿ ಬಸ್ಸು ಎಂದರೆ ಮೂರು ಕಾರಿನ ಜಾಗ ನುಂಗುವ ವಸ್ತು, ಒಳಗಿರುವವರು ಲೆಕ್ಕಕ್ಕಿಲ್ಲ. ರಸ್ತೆಯ ಯೋಜನೆ ವಾಹನಗಳಿಗಲ್ಲ, ಜನರ ಓಡಾಟಕ್ಕೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿ ಹೇಳಿದೆ. ಅದರ ಪ್ರತಿ ನಮ್ಮ ಕಪಾಟಿನಲ್ಲೇ ಇತ್ತು.

ಬಲಕ್ಕೆ ತಿರುಗುವ ಭಾರಿ ವಾಹನ ಜಾಸ್ತಿ ಎಂಬುದು ಆ ಹಾಳೆಯಲ್ಲಿ ನನ್ನ ಕಣ್ಣಿಗೆ ಬಿದ್ದಿತ್ತು. ಲಾರಿಗಳಿರಬೇಕು ಎಂದುಕೊಂಡೆ. ಅದೇ ನನಗೆ ದುಬಾರಿಯಾದದ್ದು. ಅನುಮಾನ ಪರಿಹಾರ ಮಾಡಿಕೊಳ್ಳಲು ಡಿಪೊಗೆ ಹೋದರೆ ಸಾಕಿತ್ತು. ಪ್ರತಿ ಶೆಡ್ಯೂಲಿಗೂ ಫಾರಂ ನಾಲ್ಕು ಎಂಬ ಹಾಳೆ ಇರುತ್ತದೆ: ಬಸ್ಸು ಎಷ್ಟು ಗಂಟೆಗೆ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ. ಅದನ್ನು ಇಟ್ಟುಕೊಂಡು ಅಲ್ಲಿನ ಸಂಚಾರ ನಿಯಂತ್ರಕರನ್ನು ಕೇಳಿದ್ದರೆ ಟೀ ತಣ್ಣಗಾಗುವುದರೊಳಗೆ ಎಲ್ಲ ಮಾರ್ಗವನ್ನೂ ಬೆರಳಿನಲ್ಲಿ ಎಣಿಸುತ್ತಿದ್ದರು. ಹೋಗಲಿಲ್ಲ. ನಮ್ಮ ಕೆಲಸದ ಆದೇಶದಲ್ಲಿ ಬಸ್ಸಿನವರ ಹೆಸರೇ ಇರಲಿಲ್ಲ. ನಮಗೆ ಹಣ ಕೊಡುವವರು ರಸ್ತೆಯವರು, ಅವರು ಒಪ್ಪಿದರೆ ಮುಗಿಯಿತು.

ಬಸ್ಸಿನವರಿಗೆ ನಕ್ಷೆ ಹೋಗಲೇ ಇಲ್ಲ ಎಂದೇನಲ್ಲ. ಹೋಯಿತು. ಟೆಂಡರ್ ಆಗಿ, ಗುತ್ತಿಗೆದಾರನ ಕೈಗೆ ಕಾರ್ಯಾದೇಶ ಸೇರಿದ ಮೇಲೆ, ಪ್ರತಿಯನ್ನು ಮಾಹಿತಿಗಾಗಿ ಕಳುಹಿಸಿದೆ ಎಂಬ ಒಂದು ಸಾಲಿನೊಂದಿಗೆ. ಹಾಗೆ ಬಂದ ಪತ್ರಕ್ಕೆ ಯಾವ ಕಚೇರಿಯೂ ಉತ್ತರ ಬರೆಯುವುದಿಲ್ಲ, ಕಡತಕ್ಕೆ ಸೇರಿಸುತ್ತದೆ. ಬರೆದಿದ್ದರೂ ಅಷ್ಟು ಹೊತ್ತಿಗೆ ಏನು ಮಾಡುವುದು? ಟೆಂಡರ್ ಆದ ಕೆಲಸದಲ್ಲಿ ಒಂದು ಕಂಬ ಸರಿಸಬೇಕಾದರೂ ಬದಲಾವಣೆಗೆ ಮಂಜೂರಾತಿ, ಹೊಸ ದರ, ಲೆಕ್ಕಪತ್ರ ಶಾಖೆಯ ಟಿಪ್ಪಣಿ. ನಕ್ಷೆ ಮೇಜಿನ ಮೇಲಿದ್ದಾಗ ಅಳಿಸಲು ರಬ್ಬರ್ ಸಾಕು. ಕಾರ್ಯಾದೇಶ ಆದ ಮೇಲೆ ಆಡಿಟ್ಟಿಗೆ ಉತ್ತರ ಹೇಳಬೇಕು.

ತಂಗುದಾಣ ಎದ್ದಿತು, ಬಸ್ಸು ಅದರ ಹತ್ತಿರ ಸುಳಿಯಲಿಲ್ಲ. ಚಾಲಕರು ಇನ್ನೂ ಹಿಂದೆ, ರಸ್ತೆಯ ನಡುವೆಯೇ ನಿಲ್ಲಿಸಿ, ಜನರನ್ನು ಹತ್ತಿಸಿಕೊಂಡು ಬಲಕ್ಕೆ ಹೊರಳುತ್ತಿದ್ದರು. ಜನ ಮೆಡಿಕಲ್ ಸ್ಟೋರಿನ ನೆರಳಿನಲ್ಲಿ ನಿಂತಿದ್ದು, ಬಸ್ಸು ಕಂಡಕೂಡಲೇ ಸ್ಕೂಟರುಗಳ ನಡುವೆ ನುಗ್ಗುತ್ತಿದ್ದರು. ಬೇಯಲ್ಲಿ ಆಟೊಗಳು ಬಂದು ನಿಂತವು. ಕುರ್ಚಿಗಳ ಮೇಲೆ ಸೊಪ್ಪು ಮಾರುವಾಕೆ ಕಂತೆ ಜೋಡಿಸಿಕೊಂಡರು. ನನ್ನ ವಿನ್ಯಾಸದಿಂದ ಉಪಕಾರವಾದದ್ದು ಅವರೊಬ್ಬರಿಗೆ. ಪೊಲೀಸರು ಚಾಲಕರಿಗೆ ದಂಡ ಹಾಕಿದರು. ದಂಡ ಬಿದ್ದ ಮೇಲೆ ಕೆಲವರು ಅಲ್ಲಿ ನಿಲ್ಲಿಸುವುದನ್ನೇ ಬಿಟ್ಟರು. ಜನ ಬಸ್ಸಿನವರನ್ನು ಬೈದರು, ಬಸ್ಸಿನವರು ರಸ್ತೆಯವರಿಗೆ ಬರೆದರು, ರಸ್ತೆಯವರು ನಮಗೆ ನೋಟಿಸ್ ಕೊಟ್ಟರು.

ಕೊನೆಗೆ ಎಲ್ಲರನ್ನೂ ಕೂಡಿಸಿ ಜಂಟಿ ಸ್ಥಳ ಪರಿಶೀಲನೆ ಇಟ್ಟರು. ಚಾಲಕರಿಗೆ ಶಿಸ್ತಿಲ್ಲ, ಅದಕ್ಕೇ ಬೇ ಒಳಕ್ಕೆ ಬರುವುದಿಲ್ಲ ಎಂದು ನಾನು ನಕ್ಷೆ ಹರಡಿಕೊಂಡು ವಾದಿಸುತ್ತಿದ್ದೆ. ಹಿರಿಯ ಚಾಲಕರೊಬ್ಬರು ಅಷ್ಟನ್ನೂ ಕೇಳಿಸಿಕೊಂಡು, “ಬನ್ನಿ ಸಾರ್, ಒಂದು ಸಲ ನೀವೇ ನೋಡಿ” ಎಂದು ಬಸ್ಸಿಗೆ ಹತ್ತಿಸಿ, ತಮ್ಮ ಪಕ್ಕದ ಬಾನೆಟ್ ಮೇಲೆ ಕೂರಿಸಿಕೊಂಡರು. ಬಿಸಿ ಪ್ಯಾಂಟಿನೊಳಕ್ಕೆ ಇಳಿಯುತ್ತಿತ್ತು. ಬಸ್ಸನ್ನು ನನ್ನ ನಕ್ಷೆಯಲ್ಲಿದ್ದಂತೆಯೇ ಅಂಚಿಗೆ ತಂದು ನಿಲ್ಲಿಸಿ, ಬಲಗಡೆಯ ಕನ್ನಡಿ ತೋರಿಸಿದರು. ಕನ್ನಡಿ ತುಂಬ ಹೆಲ್ಮೆಟ್ಟುಗಳು. ಒಂದು ದಾಟಿದರೆ ಅದರ ಹಿಂದೆ ಇನ್ನೊಂದು. ಇಂಡಿಕೇಟರ್ ಟಕಟಕ ಎನ್ನುತ್ತಲೇ ಇತ್ತು. ಹಸಿರು ಬಂತು, ಹೋಯಿತು, ಮತ್ತೆ ಬಂತು. ಬಸ್ಸು ಅರ್ಧ ಹೊರಗೆ ಬಂದು ಅಡ್ಡಲಾಗಿ ನಿಂತಿತು, ಹಿಂದಿನಿಂದ ಹಾರ್ನುಗಳು ಶುರುವಾದವು. “ಪ್ರತಿ ಟ್ರಿಪ್ಪಿಗೂ ಹೀಗೆ ನಿಂತರೆ ಫಾರಂ ನಾಲ್ಕಿನ ಸಮಯ ಹಿಡಿಯುವುದು ಹೇಗೆ ಸಾರ್? ತಡವಾದರೆ ಕೇಳುವುದು ನಮ್ಮನ್ನು” ಎಂದರು. ಗಂಟುಮೋರೆಯೂ ಇಲ್ಲ, ಗದರಿಕೆಯೂ ಇಲ್ಲ. ಇಳಿದು ಬಂದು ನಕ್ಷೆ ಮಡಚಿದೆ.

ತಂಗುದಾಣವನ್ನು ಬಿಚ್ಚಿ ತಿರುವಿನ ಆಚೆಗೆ ನೆಟ್ಟರು. ಬಿಚ್ಚಿದ, ಸಾಗಿಸಿದ, ನೆಟ್ಟ ಖರ್ಚು ಕಂಪನಿಯ ಬಿಲ್ಲಿನಲ್ಲಿ ಕಡಿತವಾಯಿತು. ಕಂಪನಿ ಅದನ್ನು ನನ್ನ ಬಡ್ತಿಯಲ್ಲಿ ಮುರಿದುಕೊಂಡಿತು. ಕೆಲಸ ಬಿಟ್ಟು ಈಗ ಎಸ್.ಎಸ್. ಪುರಂನಲ್ಲಿ ಮನೆ ಪ್ಲಾನು ಮಾಡಿಕೊಂಡಿದ್ದೇನೆ. ಮನೆಗಳು ಬಲಕ್ಕೆ ತಿರುಗುವುದಿಲ್ಲ.

ಈಗ ನಿಮ್ಮ ಪ್ರಾಧಿಕಾರಕ್ಕೆ ಬರೋಣ. ಬೆಂಗಳೂರಿಗೆ ಭೂ ಸಾರಿಗೆ ಪ್ರಾಧಿಕಾರ 2007ರಲ್ಲೇ ಸರ್ಕಾರಿ ಆದೇಶದಲ್ಲಿ ಬಂತು. ಕಾನೂನಿನ ಬಲ ಸಿಕ್ಕಿದ್ದು 2022ರ ಕಾಯ್ದೆಯಿಂದ. ಬಿಎಂಟಿಸಿ, ಮೆಟ್ರೊ, ರೈಲ್ವೆ, ಬಿಡಿಎ ಎಲ್ಲ ಒಂದರ ಕಾಲು ಒಂದು ತುಳಿಯುವ ಊರಿಗೆ ಅದು ಬೇಕಿರಬಹುದು. ನಮ್ಮದು 35 ವಾರ್ಡಿನ ಊರು. ಇಲ್ಲಿ ಆಗಲೇ ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ಸ್ಮಾರ್ಟ್ ಸಿಟಿ ಕಂಪನಿ, ಲೋಕೋಪಯೋಗಿ, ಹೆದ್ದಾರಿಯವರು, ಆರ್‌ಟಿಒ, ಸಂಚಾರ ಪೊಲೀಸ್, ಕೆಎಸ್‌ಆರ್‌ಟಿಸಿ ಇದ್ದಾರೆ. ಅವರ ನಡುವೆ ಹೊಂದಾಣಿಕೆ ತರಲು ಇನ್ನೊಂದು ಕಚೇರಿ ತೆರೆದರೆ, ಪತ್ರದ ಪ್ರತಿ ಕಳಿಸಲು ಇನ್ನೊಂದು ವಿಳಾಸ ಸಿಗುತ್ತದೆ, ಅಷ್ಟೆ. ಇನ್ನು ತಜ್ಞರ ಸಲಹೆ ಬೇಕೆಂದರೆ, ನಗರಾಭಿವೃದ್ಧಿ ಇಲಾಖೆಯ ಕೆಳಗೆ ನಗರ ಭೂ ಸಾರಿಗೆ ನಿರ್ದೇಶನಾಲಯ 2007ರಿಂದಲೇ ಇದೆ, ಅದರ ಕೆಲಸ ಬೆಂಗಳೂರಿಗೆ ಮಾತ್ರ ಸೀಮಿತವಲ್ಲ.

ಒಡಂಬಡಿಕೆಯ ವಿಷಯ. ತೊಡಕು ಎಲ್ಲಿದೆ ನೋಡಿ. 1992ರ 74ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. 17ನೆಯದರಲ್ಲಿ ಬೀದಿದೀಪ, ವಾಹನ ನಿಲುಗಡೆ ತಾಣ, ಶೌಚಾಲಯಗಳ ಸಾಲಿನಲ್ಲಿ ಬಸ್ ನಿಲುಗಡೆಯೂ ಇದೆ. ಬಸ್ಸು ಮಾತ್ರ ಹದಿನೆಂಟರಲ್ಲಿ ಎಲ್ಲೂ ಇಲ್ಲ. ಅದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಕೆಳಗೆ ಹುಟ್ಟಿದ ನಿಗಮದ ಪಾಲು. ಆ ನಿಗಮ ಸಾರಿಗೆ ಇಲಾಖೆಯದು, ಪಾಲಿಕೆ ನಗರಾಭಿವೃದ್ಧಿ ಇಲಾಖೆಯದು. ತಂಗುದಾಣ ಒಂದು ಇಲಾಖೆಗೆ, ಅದರ ಮುಂದೆ ನಿಲ್ಲಬೇಕಾದ ಬಸ್ಸು ಇನ್ನೊಂದು ಇಲಾಖೆಗೆ.

ಆದರೆ ಇವರಿಬ್ಬರೂ ಮಾತಾಡಲು ಕಾಯ್ದೆಯಲ್ಲಿ ಈಗಾಗಲೇ ದಾರಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್, ವಾಹನಗಳು ಎಲ್ಲಿ ನಿಂತಿರಬಹುದು, ಪ್ರಯಾಣಿಕ ವಾಹನಗಳು ಹತ್ತಿಸಿ ಇಳಿಸುವುದಕ್ಕಿಂತ ಹೆಚ್ಚು ಹೊತ್ತು ಎಲ್ಲಿ ನಿಲ್ಲಬಹುದು ಎಂಬುದನ್ನು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಪಡಿಸಬಹುದು ಎನ್ನುತ್ತದೆ. 72ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಕೊಡುವಾಗ, ನಗರದ ಮಿತಿಯಲ್ಲಿ ನಿಗದಿಯಾದ ಜಾಗದಲ್ಲಿ ಮಾತ್ರ ಹತ್ತಿಸಿ ಇಳಿಸಬೇಕು ಎಂಬ ಷರತ್ತು ಹಾಕಬಹುದು. ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಅವರೇ. ಮೇಜು ಇದೆ, ಕುರ್ಚಿಗಳಿವೆ. ಮೇಜಿನ ಮೇಲೆ ಸರಿಯಾದ ಹೊತ್ತಿಗೆ ನಕ್ಷೆ ಬಂದರೆ ಸಾಕು. ಅದನ್ನು ಬಿಟ್ಟು ಒಡಂಬಡಿಕೆ ಮಾಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಚಿಗರಿ ಬಸ್ಸಿಗೆಂದೇ ಬೇರೆ ಕಂಪನಿ ಕಟ್ಟಿದರಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕಟ್ಟದೆ ವಿಧಿಯಿರಲಿಲ್ಲ. ಸುಮಾರು 22 ಕಿಲೊಮೀಟರ್ ಪ್ರತ್ಯೇಕ ಪಥ, ನಿಲ್ದಾಣಗಳು ರಸ್ತೆಯ ನಡುವೆ, ಹಾಗಾಗಿ ಬಸ್ಸಿಗೆ ಬಲಗಡೆ ಬಾಗಿಲು, ಬಸ್ಸಿನ ನೆಲದ ಎತ್ತರಕ್ಕೆ ನಿಲ್ದಾಣದ ಕಟ್ಟೆ. ರಸ್ತೆಯವರೂ ಬಸ್ಸಿನವರೂ ಸೆಂಟಿಮೀಟರ್ ಲೆಕ್ಕದಲ್ಲಿ ಒಪ್ಪದಿದ್ದರೆ ಪ್ರಯಾಣಿಕರ ಕಾಲು ಸಂದಿಗೆ ಸಿಕ್ಕುತ್ತಿತ್ತು. ನಮ್ಮ ಬಿ.ಎಚ್. ರಸ್ತೆಯಲ್ಲೋ ಕುಣಿಗಲ್ ರಸ್ತೆಯಲ್ಲೋ ಒಂದು ನಿಲುಗಡೆ ಸರಿಸಲು ಅಷ್ಟು ದೊಡ್ಡ ಸಂಸಾರ ಹೂಡಬೇಕಾಗಿಲ್ಲ.

ತುಮಕೂರಿನಲ್ಲಿ ಕೂಡಿ ಕೆಲಸ ಮಾಡಿದ ಉದಾಹರಣೆಯೇ ಇಲ್ಲ ಎಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. 2016ರಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಯೋಜನೆಯ ನಿಯಮದಂತೆ ಕಂಪನಿಯಲ್ಲಿ ರಾಜ್ಯ ಸರ್ಕಾರಕ್ಕೂ ಪಾಲಿಕೆಗೂ ಸಮಪಾಲು, ಸಾರಿಗೆ ನಿಗಮ ಪಾಲುದಾರನಲ್ಲ. ಆದರೂ ಕೆಎಸ್‌ಆರ್‌ಟಿಸಿಯ ಬಸ್ ನಿಲ್ದಾಣ ಆ ಯೋಜನೆಯಲ್ಲೇ ಹೊಸದಾಗಿ ಎದ್ದಿದೆ. ದೊಡ್ಡ ಕಟ್ಟಡವಾದರೆ ಎಲ್ಲರೂ ಮೊದಲೇ ಕೂತು ಮಾತಾಡುತ್ತಾರೆ, ಏಕೆಂದರೆ ಮೊತ್ತ ದೊಡ್ಡದು. ಕೈ ತಪ್ಪುವುದು ಸಣ್ಣ ಕೆಲಸಗಳಲ್ಲಿ: ಒಂದು ವಿಭಜಕ, ಒಂದು ಚರಂಡಿ, ಒಂದು ತಂಗುದಾಣ. ಸ್ಮಾರ್ಟ್ ಸಿಟಿ ಅಭಿಯಾನ 2025ರ ಮಾರ್ಚಿಗೆ ಮುಗಿಯಿತು. ಇನ್ನು ಮುಂದೆ ಬರುವುದೆಲ್ಲ ಹೆಚ್ಚಾಗಿ ಇಂಥ ಸಣ್ಣ ಕೆಲಸಗಳೇ.

ಆದ್ದರಿಂದ ನಿಮ್ಮ ಮನವಿಯಲ್ಲಿ ಕೇಳಬೇಕಾದದ್ದು ಇಷ್ಟು: ಬಸ್ ಓಡುವ ರಸ್ತೆಯ ಯಾವುದೇ ಕೆಲಸಕ್ಕೆ ಟೆಂಡರ್ ಕರೆಯುವ ಮುನ್ನ ನಕ್ಷೆಯ ಮೇಲೆ ಕೆಎಸ್‌ಆರ್‌ಟಿಸಿಯ ವಿಭಾಗೀಯ ಸಂಚಾರ ಅಧಿಕಾರಿಯ ಸಹಿ ಇರಬೇಕು, ಮತ್ತು ಆ ಸಹಿ ಸ್ಥಳದಲ್ಲಿ ನಿಂತು ಹಾಕಿದ್ದಾಗಿರಬೇಕು. ಜೊತೆಗೆ ಒಬ್ಬ ಚಾಲಕ ಇರಲಿ. ಅಧಿಕಾರಿಗಳಿಗಿಂತ ಅವರಿಗೆ ಹೆಚ್ಚು ತಿಳಿದಿರುತ್ತದೆ. ಕನ್ಸಲ್ಟೆಂಟರ ಕೆಲಸದ ಆದೇಶದಲ್ಲೇ ಈ ಷರತ್ತು ಬರೆಸಿ, ಇಲ್ಲದಿದ್ದರೆ ನನ್ನಂಥವರು ಡಿಪೊ ಕಡೆ ತಲೆ ಹಾಕುವುದಿಲ್ಲ. ವಾಹನ ಎಣಿಕೆಯ ಹಾಳೆಯಲ್ಲಿ ಬಸ್ಸಿಗೆ ಬೇರೆ ಕಾಲಂ ಕೇಳಿ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ, ನೀವಾದರೂ ಕೇಳಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೂ ನಿರ್ವಾಹಕರು ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಟಿಕೆಟ್ ಯಂತ್ರದಲ್ಲಿ ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು ಎಂಬುದು ದಾಖಲಾಗುತ್ತದೆ. ಅದು ಸ್ಟೇಜ್, ಅಂದರೆ ಟಿಕೆಟ್ ದರ ಲೆಕ್ಕ ಹಾಕುವ ಹಂತಗಳ ಲೆಕ್ಕದಲ್ಲಿರುತ್ತದೆ, ಪ್ರತಿ ನಿಲುಗಡೆಯ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಆದರೂ ಬಟವಾಡಿಯಲ್ಲಿ ಎಷ್ಟು ಜನ ಹತ್ತುತ್ತಾರೆ, ಶಿರಾ ಗೇಟಿನಲ್ಲಿ ಎಷ್ಟು, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಎಂಬ ಅಂದಾಜು ಅದರಿಂದ ಸಿಗುತ್ತದೆ. ಹುಡುಗರನ್ನು ಬಿಸಿಲಿನಲ್ಲಿ ಕೂರಿಸಿ ಗೆರೆ ಹಾಕಿಸಿದ್ದಕ್ಕಿಂತ ನೂರು ಪಾಲು ವಾಸಿ. ತಂಗುದಾಣ ಎಲ್ಲಿ ಬೇಕು, ಎಷ್ಟು ಉದ್ದ ಬೇಕು ಎಂಬುದನ್ನು ಅದೇ ಹೇಳುತ್ತದೆ.

ಮನವಿಯನ್ನು ಒಂದೇ ಕಚೇರಿಗೆ ಕೊಟ್ಟು ಇನ್ನೊಂದಕ್ಕೆ ಪ್ರತಿ ಕಳಿಸುವ ಪದ್ಧತಿ ಬೇಡ. ಎರಡೂ ಕಡೆ ಮೂಲ ಪ್ರತಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವಿಳಾಸದಲ್ಲಿ ಬರೀ ಡಿಸಿ ಎಂದು ಬರೆಯಬೇಡಿ. ಜಿಲ್ಲಾಧಿಕಾರಿಯೂ ಡಿಸಿ, ಕೆಎಸ್‌ಆರ್‌ಟಿಸಿಯ ವಿಭಾಗೀಯ ನಿಯಂತ್ರಣಾಧಿಕಾರಿಯೂ ಡಿಸಿ; ಹುದ್ದೆಯ ಹೆಸರು ಪೂರ್ತಿ ಬರೆಯದಿದ್ದರೆ ನಿಮ್ಮ ಪತ್ರ ಒಬ್ಬರ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಹೋಗಿ ಬರುವುದರಲ್ಲೇ ಟೆಂಡರ್ ಮುಗಿದಿರುತ್ತದೆ.